ಮುರಾರಿ ರಾಯರು ಕಂಡ ಬೆಂಕಿಬೆಟ್ಟ

ನಮ್ಮ ಮುರಾರಿ ರಾಯರು ಮೂವತ್ತೊಂದು ವರ್ಷ ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಬೇಲಾಪುರದ ಒಂದು ಕಚೇರಿಗೆ ಹೋಗಿ ಬಂದವರು. ಠಾಣೆ ಎಂಬ ಊರಿನವರೆಗೆ ಲೋಕಲ್ ರೈಲಿನಲ್ಲಿ ಒಂದು ಕಾಲಿನ ಮೇಲೆ ನಿಂತು ಹೋಗುವುದು; ಅಲ್ಲಿಂದ ಮುಂದೆ ಮೊದಮೊದಲು ಬಸ್ಸು, ಹಳಿ ಬಂದ ಮೇಲೆ ರೈಲು. ಬಸ್ಸಾಗಲಿ ರೈಲಾಗಲಿ, ಕಿಟಕಿ ಸೀಟು ಸಿಕ್ಕಿತು, ಗಾಡಿ ಅಲುಗಿತು ಎಂದರೆ ರಾಯರ ತಲೆ ಸರಳಿಗೆ ಆತುಕೊಂಡಿತೆಂದೇ ಲೆಕ್ಕ. ಐರೋಲಿ, ಘನ್ಸೋಲಿ, ತುರ್ಭೆ ಯಾವುದನ್ನೂ ಅವರು ಕಣ್ಣಿಂದ ಕಂಡವರಲ್ಲ. ಆದರೆ ಬೇಲಾಪುರ ಬಂದಾಗ ಯಾರೂ ಎಬ್ಬಿಸದೆ ತಾವಾಗಿ ಏಳುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಇಳಿಯುವ ಜಾಗ ತಪ್ಪಲಿಲ್ಲ. ಇದೊಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದೆ ನಡೆದದ್ದಕ್ಕೆ ಯಾರನ್ನೂ ದೂರಬೇಕಾಗಿಲ್ಲ.

ರಾಯರು ನಿವೃತ್ತರಾದ ಮೇಲೆ ಮಗ ಅನೀಶ ಅಪ್ಪ ಅಮ್ಮನನ್ನು ಬಾಲಿ ದ್ವೀಪಕ್ಕೆ ಕಳಿಸುತ್ತೇನೆ ಎಂದ. ಸಮುದ್ರದ ನಡುವೆ ಬೆಂಕಿ ಉಗುಳುವ ಬೆಟ್ಟಗಳಿರುವ ದ್ವೀಪ ಎಂದು ಫೋನಿನಲ್ಲಿ ಚಿತ್ರ ತೋರಿಸಿದ. ರಾಯರ ಹೆಂಡತಿ ವನಮಾಲಮ್ಮ ನೋಡಿದರು.

"ನೆಲ ಬಿಟ್ಟು ಹಾರಲಿಕ್ಕೆ ನಾನೆಂತ ಕಾಗೆಯಾ? ಬೆಂಕಿ ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ಬೆಳಿಗ್ಗೆ ನನ್ನ ಅಡಿಗೆಮನೆಗೆ ಬಂದು ನಿಂತ್ಕೊಳ್ಲಿ ನಿಮ್ಮಪ್ಪ. ಒಂದು ದಿನವೂ ಬಂದದ್ದಿಲ್ಲ."

ಹೀಗೆ ಅವರ ಜಾಗ ನನಗೆ ಬಂತು. ನಾನು ಅದೇ ಕಟ್ಟಡದ ಕೆಳಗಿನ ಮನೆಯವನು, ಧರ್ಮಪಾಲ. ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ಒಲೆಯ ಮುಂದೆ ನಿಂತವನು. ರಾಯರು ನನ್ನನ್ನು ಕರೆದದ್ದು ಸ್ನೇಹಕ್ಕಲ್ಲ, ಹೊಟ್ಟೆಗೆ.

"ಧರ್ಮಪಾಲಣ್ಣ, ನೀವು ಬಂದ್ರೆ ನಂಗೆ ಧೈರ್ಯ. ಆ ಊರಲ್ಲಿ ಅನ್ನದ ಅಡಿಯಲ್ಲಿ ಎಂತ ಅಡಗಿ ಕೂತಿರ್ತದೋ ಯಾರಿಗೆ ಗೊತ್ತು?"

ಬಾಲಿಯಲ್ಲಿ ಇಡೀ ದಿನ ದ್ವೀಪ ಸುತ್ತಿಸುವ ಬಸ್ಸು ಬೆಳಿಗ್ಗೆ ಏಳಕ್ಕೆ. ನಾನು ಐದಕ್ಕೇ ಎದ್ದು ಕೋಣೆಯ ಕರೆಂಟ್ ಕುಕ್ಕರಿನಲ್ಲಿ ಅನ್ನ ಮಾಡಿ, ಬಿಸಿ ಇರುವಾಗಲೇ ಕಿವುಚಿ, ಹಾಲು ಧಾರಾಳವಾಗಿ ಹಾಕಿ, ಒಂದು ಸೌಟು ಮೊಸರು ಬೆರೆಸಿ, ಶುಂಠಿ ಕೊಚ್ಚಿ ಹಾಕಿ ಡಬ್ಬಿ ತುಂಬಿದೆ. ಮನೆಯಿಂದ ತಂದಿದ್ದ ಮಜ್ಜಿಗೆ ಮೆಣಸು ಪಕ್ಕದಲ್ಲಿ. ಬಸ್ಸಿನಲ್ಲಿ ನಾಗಪುರದ ಕಡೆಯವರು, ಸೂರತ್ತಿನ ಕಡೆಯವರು. ನಮ್ಮವರು ಅಂತ ನಾವಿಬ್ಬರೇ. ಗೈಡ್ ಆ ಊರಿನವನೇ, ನ್ಯೋಮನ್ ಎಂದು ಹೆಸರು. ನಮ್ಮ ಜನರನ್ನೇ ಸುತ್ತಿಸಿ ಸುತ್ತಿಸಿ ಹಿಂದಿ ಕಲಿತಿದ್ದ. ರಾಯರು ಕಿಟಕಿ ಸೀಟು ಹಿಡಿದರು. ಎಂಟೂವರೆಗೆ ಡಬ್ಬಿ ತೆರೆದು, ಕೊನೆಯ ಅಗುಳಿನವರೆಗೆ ಉಂಡು, ಬೆರಳು ಚೀಪಿ, "ಇನ್ನು ನೋಡುವ" ಎಂದರು. ಎಂದವರು ನೋಡಿದ್ದು ಸಂಜೆ ಐದಕ್ಕೆ, ನಾವು ಇಳಿದುಕೊಂಡಿದ್ದ ಹೋಟೆಲಿನ ಗೇಟನ್ನು. ಬಸ್ಸು ಅಲ್ಲಿ ತಿರುಗಿದ ಕೂಡಲೇ ತಾವಾಗಿ ಎದ್ದು ಚೀಲ ಹುಡುಕಿದರು.

ನಾನು ಎಬ್ಬಿಸಲಿಲ್ಲವೆಂದಲ್ಲ. ಮೆಟ್ಟಿಲು ಮೆಟ್ಟಿಲಿನ ಗದ್ದೆಯ ಹತ್ತಿರ ಭುಜ ಅಲುಗಿಸಿದೆ, "ತುರ್ಭೆಯಾ?" ಎಂದು ಮತ್ತೆ ಮಲಗಿದರು. ಬೆಟ್ಟದ ಎದುರು ಹೆಸರು ಹಿಡಿದು ಕರೆದೆ. "ಪಾಸ್ ಇದೆ" ಎಂದು ಕಿಸೆ ಮುಟ್ಟಿ ತೋರಿಸಿದರು.

ವಿಮಾನದಲ್ಲಿ ವಾಪಸು ಬರುವಾಗ ತುಸು ತಗ್ಗಿದ ದನಿಯಲ್ಲಿ ಕೇಳಿದರು.

"ಧರ್ಮಪಾಲಣ್ಣ, ಆ ಬೆಟ್ಟ ಹೇಗಿತ್ತು?"

"ಕಪ್ಪಗಿತ್ತು ರಾಯರೇ. ಬುಡದಲ್ಲಿ ಒಂದು ಕೆರೆ. ಮೇಲೆ ನೂಲಿನಷ್ಟು ಹೊಗೆ. ಚಳಿಗಾಳಿ."

"ಮತ್ತೆ ಬೆಂಕಿ?"

"ಇರಲಿಲ್ಲ."

ರಾಯರು ಸೀಟಿನ ಬೆಲ್ಟು ಬಿಚ್ಚಿ ಮತ್ತೆ ಹಾಕಿಕೊಂಡರು. "ಅಲ್ಲ ಮಾರಾಯ್ರೆ, ಇಷ್ಟಕ್ಕೆ ಯಾರು ಚಪ್ಪಾಳೆ ತಟ್ತಾರೆ?"

ಚಪ್ಪಾಳೆಯ ಮಾತು ಯಾಕೆ ಬಂತೆಂದು ನನಗೆ ಆಗ ತಿಳಿಯಲಿಲ್ಲ. ಊರಿಗೆ ಬಂದು ನೋಡಿದರೆ ಕನ್ನಡ ಸಂಘದ ಬೋರ್ಡಿನ ಮೇಲೆ ಬರೆದಾಗಿತ್ತು: 'ಭಾನುವಾರ ಸಂಜೆ, ಜ್ವಾಲಾಮುಖಿಯನ್ನು ಕಣ್ಣಾರೆ ಕಂಡ ಶ್ರೀ ಮುರಾರಿ ರಾಯರಿಂದ ಅನುಭವ ಕಥನ. ನಂತರ ಉಪಾಹಾರ.'

ಭಾನುವಾರ ಸಭೆ ತುಂಬಿತ್ತು. ಉಪಾಹಾರ ಇರುವ ಸಭೆ ನಮ್ಮಲ್ಲಿ ಖಾಲಿ ಇದ್ದದ್ದು ನನಗೆ ನೆನಪಿಲ್ಲ. ಅಧ್ಯಕ್ಷ ಮಹಾದೇವಪ್ಪನವರು, ಕಲ್ಯಾಣದ ರೈಲ್ವೆಯಲ್ಲಿ ದುಡಿದ ಧಾರವಾಡದ ಕಡೆಯವರು, ಹಾರ ಹಾಕಿದರು. ಮುಂದಿನ ಸಾಲಿನಲ್ಲಿ ಮುಂಡಪ್ಪ ಶೆಟ್ಟರು. ವಾಶಿಯಲ್ಲಿ ಹೋಟೆಲಿಟ್ಟವರು, ಯುರೋಪು ಕಂಡು ಬಂದವರು. ಆ ವರ್ಷದವರೆಗೆ ಸಂಘದಲ್ಲಿ ಪರದೇಶದ ಮಾತೆಲ್ಲ ಅವರದೇ ಆಗಿತ್ತು. ಅವರು ಕೈಕಟ್ಟಿ ಕೂತ ರೀತಿಯಲ್ಲೇ ಪರೀಕ್ಷೆಯ ವಾಸನೆ ಬರುತ್ತಿತ್ತು.

ರಾಯರು ಗದ್ದೆಯಿಂದ ಶುರು ಮಾಡಿದರು. ಯಾರೂ ಅಲುಗಲಿಲ್ಲ. ಗುಡಿಯ ನೀರಿನ ಕೊಳಕ್ಕೆ ಬಂದರು. ಹಿಂದಿನ ಸಾಲಿನಲ್ಲಿ ಒಬ್ಬರು ಆಕಳಿಸಿದರು. ಆ ಆಕಳಿಕೆಯೇ ಎಲ್ಲದಕ್ಕೂ ಮೂಲ.

"ಆಮೇಲೆ ಬೆಟ್ಟ ಬಂತು!" ಎಂದು ರಾಯರು ದನಿ ಏರಿಸಿದರು. "ಹಗಲಲ್ಲೇ ಅದರ ಬಾಯಲ್ಲಿ ಕೆಂಪು ಬೆಂಕಿ. ಬುಡದ ಕೆರೆ ಕೊತಕೊತ ಕುದೀತಾ ಉಂಟು. ಬಟಾಟೆ ಹಾಕಿದರೆ ಬೇಯ್ತದೆ."

"ಖರೇನರೀ?" ಎಂದು ಮಹಾದೇವಪ್ಪನವರು ಕುರ್ಚಿಯ ಅಂಚಿಗೆ ಬಂದರು.

"ಸುಳ್ಳು ಹೇಳ್ಲಿಕ್ಕೆ ನಂಗೆಂತ ಲಾಭ? ಕಲ್ಲಿನ ಮೇಲೆ ಹಪ್ಪಳ ಇಟ್ಟೆವು. ಒಂದು, ಎರಡು, ಮೂರು ಅನ್ನುವುದರೊಳಗೆ ಸುಟ್ಟು ಅರಳಿತು."

ಮುಂಡಪ್ಪ ಶೆಟ್ಟರು ಕಟ್ಟಿದ ಕೈ ಬಿಡಿಸಿದರು.

"ಎಂತ ಹಪ್ಪಳ ರಾಯರೇ?"

ಸುಳ್ಳು ಹೇಳುವವನನ್ನು ಇಂಥ ಸಣ್ಣ ಪ್ರಶ್ನೆಗಳೇ ಕೆಡವುವುದು. ಆದರೆ ರಾಯರು ಆ ದಿನ ಬೀಳುವ ಮನುಷ್ಯರಾಗಿರಲಿಲ್ಲ.

"ಹಲಸಿನ ಹಪ್ಪಳ. ಧರ್ಮಪಾಲಣ್ಣ ತಂದದ್ದು. ಬೇಕಾದರೆ ಕೇಳಿ."

ಇಡೀ ಸಭೆ ನನ್ನ ಕಡೆ ತಿರುಗಿತು. "ಏನ್ರಿ ಧರ್ಮಪಾಲಣ್ಣ, ಹೌದನರೀ?" ಎಂದರು ಮಹಾದೇವಪ್ಪನವರು. ರಾಯರ ಕಣ್ಣು ನನ್ನ ಮೇಲೆ ನೆಟ್ಟಿತ್ತು. ನಾನು ಎದ್ದು ನಿಂತೆ.

"ಊಟಕ್ಕೇನೂ ತೊಂದರೆ ಆಗಲಿಲ್ಲ," ಎಂದೆ.

ಚಪ್ಪಾಳೆಯೋ ಚಪ್ಪಾಳೆ. ಹೆಂಗಸರ ಸಾಲಿನಲ್ಲಿ ವನಮಾಲಮ್ಮ ಮಾತ್ರ ಚಪ್ಪಾಳೆ ತಟ್ಟದೆ ಗಂಡನನ್ನೇ ನೋಡುತ್ತಿದ್ದರು. ಹಾಲು ಉಕ್ಕುವ ಮೊದಲು ಪಾತ್ರೆಯನ್ನು ನೋಡುವ ಹಾಗೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಉಪಾಹಾರದ ಅವಲಕ್ಕಿ ತಿನ್ನುತ್ತಾ ಮಹಾದೇವಪ್ಪನವರು ಘೋಷಿಸಿಬಿಟ್ಟರು. "ನಮ್ಮ ಸಂಘದ ಮೊದಲ್ನೇ ಫಾರಿನ್ ಟೂರು ಅಲ್ಲಿಗೇ! ಮುರಾರಿ ರಾಯರೇ ಲೀಡರು. ನಮಗ ಬ್ಯಾರೆ ಗೈಡ್ ಯಾಕ ಬೇಕ್ರಿ, ಕಣ್ಣಾರೆ ಕಂಡೋರು ಇದ್ದಾಗ?"

ಲೀಡರು ರಾಯರನ್ನೂ ಅಡಿಗೆಗೆಂದು ಎಳೆದುಕೊಂಡ ನನ್ನನ್ನೂ ಬಿಟ್ಟು, ಎರಡೇ ವಾರದಲ್ಲಿ ಮೂವತ್ತು ಜನ ಹೆಸರು ಕೊಟ್ಟರು. ಮೊದಲ ಹೆಸರು ಮುಂಡಪ್ಪ ಶೆಟ್ಟರದು. ಎರಡನೆಯದು ವನಮಾಲಮ್ಮನದು. ರಾಯರು ಗಾಬರಿ ಬಿದ್ದರು.

"ನಿಂಗೆ ವಿಮಾನ ಅಂದ್ರೆ ಭಯ ಅಲ್ವಾ ಮಾರಾಯ್ತಿ?"

"ನಿಮ್ಮ ಭಾಷಣ ಕೇಳಿ ಭಯ ಹೋಯ್ತು. ನಾನೂ ಒಮ್ಮೆ ಆ ಬೆಂಕಿ ನೋಡ್ಬೇಕು."

ರಾಯರಿಗೆ ಈಗ ಎರಡು ಕಡೆಯಿಂದಲೂ ಬಿಸಿ ತಟ್ಟಿತು. ಸಂಘದವರ ಮುಂದೆ ಮಾನ ಹೋದರೆ ಸಂಘ ಬದಲಾಯಿಸಬಹುದು. ಕಲ್ಯಾಣದಲ್ಲೂ ಒಂದಿದೆ, ಐರೋಲಿಯಲ್ಲೂ ಒಂದಿದೆ. ಹೆಂಡತಿಯ ಮುಂದೆ ಹೋದರೆ ಯಾವ ಸ್ಟೇಷನ್ನಿನಲ್ಲಿ ಇಳಿಯುವುದು? ಮೊದಲು ಸೊಂಟನೋವು ಎಂದರು. ಮಹಾದೇವಪ್ಪನವರು ಬೆಲ್ಟು ತಂದು ಕೊಟ್ಟರು. ಆಮೇಲೆ, "ಈಗೀಗ ಆ ಬೆಟ್ಟದ ಬೆಂಕಿ ಆರಿಯೂ ಇರಬಹುದು," ಎಂದು ಸಣ್ಣದಾಗಿ ಬಿತ್ತಿ ನೋಡಿದರು.

"ಆರಾಕ ಅದೇನ್ ಗ್ಯಾಸ್ ಸಿಲಿಂಡರ್ ಏನ್ರಿ?" ಎಂದು ಮಹಾದೇವಪ್ಪನವರು ನಕ್ಕು ಮುಗಿಸಿದರು.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಮುಂಡಪ್ಪ ಶೆಟ್ಟರ ಚೀಲವನ್ನು ಯಂತ್ರ ತಡೆಯಿತು. ಸಮವಸ್ತ್ರದ ಅಧಿಕಾರಿ ಚೀಲ ಬಿಚ್ಚಿಸಿ, ಬಟ್ಟೆಯಲ್ಲಿ ಸುತ್ತಿದ ದುಂಡನೆಯ ಗಟ್ಟಿ ಕಟ್ಟೊಂದನ್ನು ಎರಡು ಬೆರಳಲ್ಲಿ ಎತ್ತಿದ.

"ಯೇ ಕ್ಯಾ ಹೈ?"

"ಹಪ್ಪಳ. ಪಾಪಡ್, ಪಾಪಡ್. ಹಲಸಿನದ್ದು. ನೂರು ಉಂಟು."

"ಇತನಾ ಕಿಸ್ ಲಿಯೇ?" ಇಷ್ಟೊಂದು ಯಾತಕ್ಕೆಂದು ಅವನಿಗೆ ತಿಳಿಯಲಿಲ್ಲ.

"ಜ್ವಾಲಾಮುಖಿ ಪೇ ಸೇಕನೇ ಕೇ ಲಿಯೇ," ಎಂದರು ಶೆಟ್ಟರು, ಗ್ಯಾಸಿನ ಮೇಲೆ ಸುಡಲಿಕ್ಕೆ ಎಂದಷ್ಟೇ ಸಲೀಸಾಗಿ.

ಅಧಿಕಾರಿ ಶೆಟ್ಟರನ್ನು ನೋಡಿದ, ಹಪ್ಪಳವನ್ನು ನೋಡಿದ, ಹಿಂದೆ ಸಾಲುಗಟ್ಟಿದ್ದ ನಮ್ಮನ್ನೆಲ್ಲ ನೋಡಿದ. "ಲೀಡರ್ ಕೌನ್ ಹೈ?"

ಮೂವತ್ತು ಬೆರಳುಗಳು ರಾಯರ ಕಡೆ ತೋರಿದವು.

"ಸರ್, ಐಸಾ ಹೋತಾ ಹೈ ಕ್ಯಾ?" ಹೀಗೂ ಆಗುವುದುಂಟೇ ಎಂದು ಕೇಳಿದ.

ರಾಯರ ಹಿಂದೆ ವನಮಾಲಮ್ಮ. ಮೂವತ್ತೊಂದು ವರ್ಷ ಕಚೇರಿಯಲ್ಲಿ ದುಡಿದ ಮನುಷ್ಯ, ಎದುರಿಗೆ ಸಮವಸ್ತ್ರ ಕಂಡಾಗ ದನಿ ತಾನಾಗಿ ಗಟ್ಟಿಯಾಗುತ್ತದೆ. "ಹೋತಾ ಹೈ," ಎಂದರು. ಅಧಿಕಾರಿ ಸಲಾಮು ಹೊಡೆಯುವುದೊಂದು ಬಾಕಿ, ಚೀಲ ಬಿಟ್ಟ. ಅಲ್ಲಿಯವರೆಗೆ ಅದು ಸಂಘದ ಸುಳ್ಳಾಗಿತ್ತು. ಈಗ ಸರಕಾರದ ಸಮ್ಮುಖದಲ್ಲಿ ಹೇಳಿದ್ದಾಯಿತು.

ದ್ವೀಪ ಸುತ್ತುವ ಹಿಂದಿನ ಸಂಜೆ ವನಮಾಲಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದರು.

"ಧರ್ಮಪಾಲಣ್ಣ, ನಾಳೆ ಎಲ್ಲರಿಗೂ ಮೊಸರನ್ನ ಮಾಡುವ. ಘಾಟಿ ಹತ್ತುವಾಗ ಹೊಟ್ಟೆ ತಂಪಿರಲಿ. ಸ್ವಲ್ಪ ಮೆತ್ತಗೆ ಆಗ್ಲಿ, ಹಾಲು ಜಾಸ್ತಿ. ನಿಮ್ಮ ಕೈಗುಣ ನಂಗೆ ಗೊತ್ತು."

"ನಿಮಗೆಷ್ಟು ಹಾಕಲಿ ಅಮ್ಮ?"

"ನಂಗೆ ನಾಳೆ ಏಕಾದಶಿ. ಉಪವಾಸ."

ಬೆಳಗಿನ ಜಾವ ನಾಲ್ಕು ಕೋಣೆಗಳಲ್ಲಿ ನಾಲ್ಕು ಕುಕ್ಕರ್ ಕುದಿದವು. ಮೂವತ್ತು ಡಬ್ಬಿ ಕಟ್ಟಿದೆ. ಏಳಕ್ಕೆ ಬಸ್ಸು ಬಂತು, ಬಾಗಿಲು ತೆರೆಯಿತು, ಒಳಗಿಂದ ಇಳಿದವನು ಬಸ್ಸಿನವರೇ ಕಳಿಸಿದ ಗೈಡ್, ಅದೇ ನ್ಯೋಮನ್. ರಾಯರನ್ನು ಕಂಡದ್ದೇ ಅವನ ಮುಖ ಅರಳಿತು.

"ಅರೇ ಅಂಕಲ್! ಇಸ್ ಬಾರ್ ನಹೀ ಸೋಯೇಗಾ?"

ಮುಂಡಪ್ಪ ಶೆಟ್ಟರ ಕಿವಿ ನಿಗುರಿತು. "ಎಂತ ರಾಯರೇ? ಈ ಸಲ ಮಲಗುದಿಲ್ವಾ ಅಂತ ಕೇಳ್ತಾನಲ್ಲ?"

"ಇವರ ಹಿಂದಿ ಎಲ್ಲ ಉಲ್ಟಾ ಶೆಟ್ರೇ," ಎಂದರು ರಾಯರು ಕಣ್ಣು ಮಿಟುಕಿಸದೆ. "ಹೋದ ಸಲ ನಾನು ಒಂದು ಕ್ಷಣವೂ ಕಣ್ಣು ಮುಚ್ಚದೆ ನೋಡಿದ್ದೆ. ಅದನ್ನು ನೆನಪು ಮಾಡಿ ಮರ್ಯಾದೆ ಕೊಡ್ತಾ ಇದ್ದಾನೆ."

ಶೆಟ್ಟರು ಹೂಂ ಎಂದು ಹತ್ತಿದರು. ಮಡಿಲಲ್ಲಿ ಹಪ್ಪಳದ ಕಟ್ಟು. ರಾಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕೈಗೆ ಮೈಕು ಕೊಟ್ಟರು. ಬಸ್ಸು ಹೊರಟಿತು. ರಾಯರು ಮೈಕನ್ನು ಒರೆಸಿದರು, ಗಂಟಲು ಸರಿಮಾಡಿದರು, ಹೊರಗೆ ನೋಡಿದರು. ಅವರಿಗೆ ಆ ರಸ್ತೆಯ ಒಂದು ಮರವೂ ಗೊತ್ತಿರಲಿಲ್ಲ.

"ಎಡಗಡೆ ನೋಡಿ, ಅಂಗಡಿಗಳು," ಎಂದರು. "ಬಲಗಡೆಯೂ ಅಂಗಡಿಗಳು."

"ಎಲ್ಲಾ ಹೆಂಗ ನೆನಪಿಟ್ಟಾರ ನೋಡ್ರಿ!" ಎಂದು ಮಹಾದೇವಪ್ಪನವರು ಮೆಚ್ಚಿಕೊಂಡರು.

ಎಂಟೂವರೆಗೆ ವನಮಾಲಮ್ಮ ಎದ್ದು ಡಬ್ಬಿ ಹಂಚಿದರು. ಹೊರಗೆ ಪರದೇಶ, ಒಳಗೆ ಎ.ಸಿ.ಯ ತಂಪು, ಕೈಯಲ್ಲಿ ಮೊಸರನ್ನ, ಕಚ್ಚಿಕೊಳ್ಳಲು ಮಜ್ಜಿಗೆ ಮೆಣಸು. ಬಸ್ಸಿನಲ್ಲಿ ಮಾತು ನಿಂತು ಬರೀ ಸೊರ್ ಸೊರ್ ಸದ್ದು. ರಾಯರ ಮುಂದೆಯೂ ಡಬ್ಬಿ ಬಂತು. ಮುಚ್ಚಳ ತೆರೆದರು, ಮೂಸಿದರು, ಕಣ್ಣಲ್ಲಿ ನೀರು ಬಂತು. ಮುಚ್ಚಿ ನನ್ನ ಕೈಗೆ ಕೊಟ್ಟರು.

"ನಂಗೂ ಇವತ್ತು ಏಕಾದಶಿ."

"ನೀವು ಏಕಾದಶಿ ಯಾವಾಗ ಶುರು ಮಾಡಿದ್ದು?" ಎಂದರು ಶೆಟ್ಟರು ತುಂಬಿದ ಬಾಯಲ್ಲಿ.

"ಇವತ್ತಿಂದ."

ನಮ್ಮ ಜನರ ವಿಷಯ ನಾನು ಹೇಳಬೇಕಾಗಿಲ್ಲ. ಅಲ್ಲಿದ್ದವರೆಲ್ಲ ನಲವತ್ತು ವರ್ಷ ಕಲ್ಯಾಣ, ಡೊಂಬಿವಲಿ, ದಿವಾ ಸ್ಟೇಷನ್ನುಗಳಲ್ಲಿ ಗಾಡಿ ಹತ್ತಿ ಜೀವನ ಸವೆಸಿದವರು. ಅವರಿಗೆ ಸೀಟು ಎನ್ನುವುದು ಕೂರುವ ವಸ್ತುವಲ್ಲ, ಮಲಗುವ ವಸ್ತು. ಮೊದಲು ಹಿಂದಿನ ಸಾಲಿನಲ್ಲಿ ಒಂದು ತಲೆ ವಾಲಿತು. ಆಮೇಲೆ ಬಲಗಡೆ ಎರಡು. ದೀಪ ಆರಿಸುತ್ತಾ ಬಂದ ಹಾಗೆ ಸಾಲುಸಾಲಾಗಿ ಆರಿದರು. ಮಹಾದೇವಪ್ಪನವರು, "ಎಷ್ಟ್ ಚಂದ ಐತ್ರೀ ಈ…" ಎಂಬಲ್ಲಿಗೆ ಹೋದರು. ಕೊನೆಗೆ ಉಳಿದವರು ಮುಂಡಪ್ಪ ಶೆಟ್ಟರು. ರಾಯರ ಮೇಲೆ ಕಣ್ಣಿಟ್ಟೇ ಇದ್ದರು. ಆ ಕಣ್ಣು ಹಾಗೇ ನಿಧಾನಕ್ಕೆ ಮುಚ್ಚಿತು.

ಗದ್ದೆಯಲ್ಲಿ ನಿಲ್ಲಿಸಿದರು, ಯಾರೂ ಇಳಿಯಲಿಲ್ಲ. ನೀರಿನ ಕೊಳದ ಗುಡಿಯಲ್ಲಿ ನಿಲ್ಲಿಸಿದರು, ನಾವು ಮೂವರೇ ಕೈಮುಗಿದು ಬಂದೆವು. ಹನ್ನೊಂದೂವರೆಗೆ ಬೆಟ್ಟದ ಎದುರು ಬಸ್ಸು ನಿಂತಿತು. ನ್ಯೋಮನ್ ಒಳಗೆಲ್ಲ ಒಮ್ಮೆ ನೋಡಿ ನನ್ನ ಹತ್ತಿರ ಬಂದು ಬಗ್ಗಿದ.

"ದಾದಾ, ಪೂರಾ ಗಾಂವ್ ಐಸಾ ಹೈ?" ಇಡೀ ಊರೇ ಹೀಗಾ ಎಂದು.

"ಹಾಂ," ಎಂದೆ.

ರಾಯರು ಮೈಕು ಹಿಡಿದು ಎದ್ದು ನಿಂತಿದ್ದರು. ಅವರ ಮುಂದೆ ಬಾಯಿ ತೆರೆದು ಮಲಗಿದ ಇಪ್ಪತ್ತೊಂಬತ್ತು ಜನ. ಹಿಂದೆ ಕಿಟಕಿಯಲ್ಲಿ ಬೆಂಕಿ ಇಲ್ಲದ ಬೆಟ್ಟ. ಎಬ್ಬಿಸಿದರೆ ಮಾನ ಹೋಯಿತು, ಎಬ್ಬಿಸದಿದ್ದರೆ ಇವರು ಬಂದದ್ದೇ ದಂಡ. ಕೆಟ್ಟ ಮನುಷ್ಯರಾಗಿದ್ದರೆ ಸುಮ್ಮನೆ ಕೂರುತ್ತಿದ್ದರು. ರಾಯರು ಕೆಟ್ಟವರಲ್ಲ, ಮೈಕನ್ನು ಬಾಯಿಗೆ ತಂದು, "ಏಳಿ, ಜ್ವಾಲಾಮುಖಿ ಬಂತು," ಎಂದರು. ಮೈಕಿನ ಗುಂಡಿ ಒತ್ತಿರಲಿಲ್ಲ, ಅಷ್ಟೇ.

"ಅವರನ್ನು ಬಿಡಿ," ಎಂದರು ವನಮಾಲಮ್ಮ. "ನೀವು ಬನ್ನಿ."

ಇಬ್ಬರೂ ಇಳಿದರು. ನಾನು ಶಾಲು ಕೊಡುವ ನೆಪದಲ್ಲಿ ಹಿಂದೆ ಹೋದೆ. ಎದುರಿಗೆ ಆ ಬೆಟ್ಟ ಹಾಗೇ ಕೂತಿತ್ತು, ಹಿಂದೆಂದೋ ಹರಿದು ಆರಿದ ಬೆಂಕಿಯ ಕರಿಯನ್ನು ಮೈಮೇಲೆ ಹೊದ್ದು. ಬುಡದಲ್ಲಿ ನೀಲಿ ಕೆರೆ. ಗಾಳಿ ಬೀಸಿ ವನಮಾಲಮ್ಮನ ಸೆರಗು ಹಾರುತ್ತಿತ್ತು. ಅವರು ತುಂಬಾ ಹೊತ್ತು ನೋಡಿದರು.

"ಬೆಂಕಿ ಎಲ್ಲಿ?"

ರಾಯರು ಬೆಟ್ಟ ನೋಡಿದರು, ಕೆರೆ ನೋಡಿದರು, ಚಪ್ಪಲಿ ನೋಡಿಕೊಂಡರು.

"ಇಲ್ಲ ವನಮಾಲ. ಇರಲೇ ಇಲ್ಲ. ನಾನು ಆ ದಿನ ನೋಡಲೇ ಇಲ್ಲ, ನಿದ್ದೆ ಮಾಡಿದ್ದೆ."

"ಗೊತ್ತುಂಟು."

"ಧರ್ಮಪಾಲಣ್ಣ ಹೇಳಿದ್ರಾ?"

"ಅವರು ಯಾವಾಗ ಎಂತ ಹೇಳಿದ್ದಾರೆ? ನಿಮ್ಮ ಫೋನಲ್ಲಿ ಆ ದಿನದ್ದು ಒಂದೇ ಫೋಟೋ ಇತ್ತು, ಮೊಸರನ್ನದ ಡಬ್ಬಿದು. ಮೊಸರನ್ನ ಉಂಡು ಕಿಟಕಿ ಹತ್ರ ಕೂತ ಮೇಲೆ ನೀವು ಎಂತ ಮಾಡ್ತೀರಿ ಅಂತ ನಂಗೆ ಬೇರೆಯವರು ಹೇಳ್ಬೇಕಾ?"

"ಮತ್ತೆ… ಗೊತ್ತಿದ್ದೂ ಯಾಕೆ ಬಂದೆ?"

"ಮದುವೆಯಾದ ಮೇಲೆ ಎಲ್ಲ ಕಡೆ ನೀವು ಮೊದಲು ನೋಡಿ ಬಂದು ನಂಗೆ ಹೇಳಿದ್ದೇ ಆಯ್ತು. ಇದೊಂದನ್ನು ಇನ್ನೂ ನೋಡಿಲ್ಲವಲ್ಲ, ಒಟ್ಟಿಗೇ ಮೊದಲ ಸಲ ನೋಡುವ ಅಂತ ಬಂದೆ." ಶಾಲನ್ನು ಬಿಡಿಸಿ ಅರ್ಧ ಗಂಡನ ಹೆಗಲಿಗೆ ಹಾಕಿದರು. "ಚೆಂದ ಉಂಟಪ್ಪ. ಬೆಂಕಿ ಇದ್ದಿದ್ರೆ ಇಷ್ಟು ಹತ್ರ ನಿಲ್ಲಲಿಕ್ಕೆ ಆಗ್ತಿತ್ತಾ?"

ಆಗ ನನಗೆ ಹಾಲು ಜಾಸ್ತಿ ಹಾಕಿಸಿದ್ದರ ಅರ್ಥ ಆಯಿತು. ಆ ಅಮ್ಮನ ಏಕಾದಶಿಯನ್ನು ಪಂಚಾಂಗದಲ್ಲಿ ಹುಡುಕಲು ನಾನು ಹೋಗಲಿಲ್ಲ.

ಸಂಜೆ ಐದಕ್ಕೆ ಬಸ್ಸು ನಮ್ಮ ಹೋಟೆಲಿನ ಗೇಟು ತಿರುಗಿತು. ಇಪ್ಪತ್ತೊಂಬತ್ತು ಜನ ಒಟ್ಟಿಗೇ ಕಣ್ಣು ಬಿಟ್ಟರು, ಒಟ್ಟಿಗೇ ಚೀಲ ಹುಡುಕಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಲಗಿದ್ದು ತಾನೊಬ್ಬನೇ ಎಂದು ಪ್ರತಿಯೊಬ್ಬರಿಗೂ ಖಾತ್ರಿ. ಮುಂಡಪ್ಪ ಶೆಟ್ಟರು ಮಡಿಲ ಹಪ್ಪಳವನ್ನು ಮೆಲ್ಲಗೆ ಚೀಲದೊಳಗೆ ತುರುಕಿ, ಸುತ್ತಲೂ ನೋಡಿ, ಮೊದಲು ಬಾಯಿ ತೆರೆದರು.

"ಎಂಥ ಬೆಂಕಿ ಮಾರಾಯ್ರೆ!"

ಮಹಾದೇವಪ್ಪನವರು ಒಂದು ಕ್ಷಣ ಅನುಮಾನಿಸಿದರು. "ಭಾಳ… ಕೆಂಪಗಿತ್ರೀ," ಎಂದರು.

"ಆ ಕುದಿಯುವ ಸದ್ದು!" ಎಂದಿತು ಹಿಂದಿನ ಸಾಲು. ಅಲ್ಲಿಂದ ಮುಂದೆ ಯಾರನ್ನೂ ತಡೆಯುವ ಹಾಗಿರಲಿಲ್ಲ.

ಡೊಂಬಿವಲಿಗೆ ಬಂದ ಮುಂದಿನ ಭಾನುವಾರ ಮತ್ತೆ ಸಭೆ. ಈ ಸಲ ಮಾತಾಡುವವರು ಇಪ್ಪತ್ತೊಂಬತ್ತು ಜನ, ಕೇಳುವವರು ಕಡಿಮೆ. ಒಬ್ಬರ ಕಾಲಿಗೆ ಬಿಸಿ ತಾಗಿತ್ತು. ಒಬ್ಬರ ಕನ್ನಡಕ ಮಂಜಾಗಿತ್ತು. ಮುಂಡಪ್ಪ ಶೆಟ್ಟರು ತಟ್ಟೆಯಲ್ಲಿ ಹಪ್ಪಳ ತಂದಿದ್ದರು, ಅಂಚು ಕಪ್ಪಾಗಿ ಸುಟ್ಟದ್ದು. "ಅಲ್ಲಿಯದೇ. ಜಾಗ್ರತೆಯಲ್ಲಿ ತಂದೆ. ಪ್ರಸಾದದ ಹಾಗೆ ಒಂದೊಂದು ಚೂರು ತೆಕ್ಕೊಳ್ಳಿ."

ಮುರಾರಿ ರಾಯರು ಒಂದು ಚೂರು ಬಾಯಿಗೆ ಹಾಕಿ ಅಗಿದರು. ಪಕ್ಕದಲ್ಲಿದ್ದ ಹೆಂಡತಿಯ ಕಡೆ ನೋಡಿದರು. ಎದ್ದು ನಿಂತರು. ಅವರು ಅಷ್ಟು ಧೈರ್ಯವಾಗಿ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಒಂದು ನಿಜ ಹೇಳ್ತೇನೆ. ಆ ಬೆಟ್ಟದಲ್ಲಿ ಬೆಂಕಿ ಇಲ್ಲ. ಕೆರೆ ತಣ್ಣಗುಂಟು. ಹಪ್ಪಳ ಸುಡುವುದು ಬಿಡಿ, ಒಣಗುವುದೂ ಇಲ್ಲ. ಹೋದ ಸಲ ನಾನು ಹೇಳಿದ್ದು ಸುಳ್ಳು."

ಇಪ್ಪತ್ತೊಂಬತ್ತು ಜನ ಇಪ್ಪತ್ತೊಂಬತ್ತು ಕಡೆ ನೋಡಿದರು. ಕೊನೆಗೆ ಮುಂಡಪ್ಪ ಶೆಟ್ಟರು ತಟ್ಟೆ ಕೆಳಗಿಟ್ಟು, ಬಹಳ ಕನಿಕರದಿಂದ ರಾಯರ ಹೆಗಲ ಮೇಲೆ ಕೈಯಿಟ್ಟರು.

"ರಾಯರೇ, ಬೇಜಾರು ಮಾಡ್ಬೇಡಿ. ನೀವು ಬಸ್ಸಿನಲ್ಲಿ ನಿದ್ದೆ ಮಾಡಿರ್ಬೇಕು."

ಗೊಳ್ಳೆಂದು ನಕ್ಕಿತು ಸಭೆ. ಎಲ್ಲರಿಗಿಂತ ಹೆಚ್ಚು ನಕ್ಕವರು ವನಮಾಲಮ್ಮ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣು ಒರೆಸಿಕೊಂಡು. ಅವರನ್ನು ನೋಡಿ ರಾಯರೂ ನಗಲು ಶುರು ಮಾಡಿದರು. ಮುಂದಿನ ಟೂರಿಗೆ ಲೀಡರು ಮುಂಡಪ್ಪ ಶೆಟ್ಟರೆಂದು ಅಲ್ಲೇ ತೀರ್ಮಾನವಾಯಿತು.

ಆದರೂ ಸಭೆಯೆಂದ ಮೇಲೆ ಒಂದು ಸಾಕ್ಷಿ ಬೇಕಲ್ಲ. ಮಹಾದೇವಪ್ಪನವರು ನನ್ನ ಕಡೆ ತಿರುಗಿದರು. "ಧರ್ಮಪಾಲಣ್ಣ, ನೀವು ಎರಡ್ ಸಲ ಹೋಗಿ ಬಂದೋರು. ನೀವ ಹೇಳ್ರಿ, ಹೆಂಗಿತ್ತು?"

ಇಪ್ಪತ್ತೊಂಬತ್ತು ಜೊತೆ ಕಣ್ಣುಗಳು ನನ್ನ ಮೇಲೆ ಬಿದ್ದವು. ಒಂದೊಂದರಲ್ಲೂ ಒಂದೇ ಬೇಡಿಕೆ. ನಾನು ಎದ್ದು ನಿಂತೆ.

"ಮೊಸರನ್ನ ಚೆನ್ನಾಗಿತ್ತು," ಎಂದೆ.

ಹೋದ ಸಲಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು.